ಅಂಗಾಲು ಉರಿ, ಜೋಮು: ನೋವು ತಗ್ಗೋದು ಒಂದು, ನರ ಸರಿಹೋಗೋದು ಇನ್ನೊಂದು

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಈಗ ವಯಸ್ಸು 57. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಮೊದಲಿನಿಂದಲೂ ಇದೆ. ಕಳೆದ ವರ್ಷದಿಂದ ಎರಡೂ ಅಂಗಾಲು ಉರಿ. ಹಗಲು ಅಂಗಡಿಯಲ್ಲಿದ್ದಾಗ ಅಷ್ಟು ಗೊತ್ತಾಗುವುದಿಲ್ಲ. ರಾತ್ರಿ ಮಲಗಿದ ಮೇಲೆ ಶುರು. ಹೊದಿಕೆ ತಾಗಿದರೂ ತಡೆಯಲು ಆಗುವುದಿಲ್ಲ. ಎದ್ದು ಹೋಗಿ ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು ಬರುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಬೆರಳುಗಳಲ್ಲಿ ಮಾತ್ರ ಉರಿಯೂ ಇಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಿಂದ ನಡೆದು ಮನೆಗೆ ಬಂದಾಗ ಬಲಗಾಲಿನ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತೋ ತಿಳಿಯಲೇ ಇಲ್ಲ. ಹೆಂಡತಿ ನೋಡಿ ಹೇಳಿದ ಮೇಲೆ ಗೊತ್ತಾಗಿದ್ದು.

ಡಾಕ್ಟರು ಪೆರಿಫೆರಲ್ ನ್ಯೂರೋಪತಿ, ಅಂದರೆ ಕೈಕಾಲಿನ ನರ ಕೆಟ್ಟಿದೆ ಅಂದರು. ಪ್ರಿಗ್ಯಾಬಲಿನ್ 75 ಮತ್ತು ಮೀಥೈಲ್‌ಕೋಬಾಲಮಿನ್ (ಬಿ12 ವಿಟಮಿನ್) ಎರಡೂ ಸೇರಿರುವ ಒಂದು ಮಾತ್ರೆ ಕೊಟ್ಟರು. ಉರಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಜೋಮು ಹಾಗೇ ಇದೆ. ಇದು ವಾಸಿಯಾಗುತ್ತಾ ಅಂತ ಕೇಳಿದರೆ "ಶುಗರ್ ಕಂಟ್ರೋಲ್ ಮಾಡಿ" ಅನ್ನುವುದಷ್ಟೇ ಉತ್ತರ. ಮನೆಯಲ್ಲಿ ಹರಳೆಣ್ಣೆ ತಿಕ್ಕಿ ಅನ್ನುತ್ತಾರೆ. ಪಕ್ಕದ ಅಂಗಡಿಯವರು ಕಲ್ಯಾಣ ಮಂಟಪದಲ್ಲಿ ಉಚಿತ ಪಾದ ಥೆರಪಿ ಶಿಬಿರ ನಡೆಯುತ್ತಿದೆ, ಬನ್ನಿ ಅನ್ನುತ್ತಾರೆ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ. ನಿಜಕ್ಕೂ ಉಪಯೋಗ ಆಗಿದ್ದು ಯಾವುದು? ಹೋದ ನರ ಮತ್ತೆ ಬರುತ್ತಾ?

ನರ್ಸಕ್ಕ, ಮಂಡ್ಯ

ಅಣ್ಣ, ನಾನು ಸಕ್ಕರೆ ಕಾಯಿಲೆಯವರ ಪಾದ ನೋಡುವ ವಿಭಾಗದಲ್ಲಿ ನರ್ಸ್. ಔಷಧಿ ಬದಲಾವಣೆ ಏನಿದ್ದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ. ನಾನು ದಿನಾ ಕಾಣುವುದನ್ನು ಹೇಳುತ್ತೇನೆ.

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಉರಿ ತಗ್ಗುವುದು ಒಂದು. ನರ ಸುಧಾರಿಸುವುದು ಇನ್ನೊಂದು. ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್, ಇವೆಲ್ಲ ಉರಿಯ ಮಾತ್ರೆಗಳು. ಲೌಡ್‌ಸ್ಪೀಕರಿನ ಸದ್ದು ತಗ್ಗಿಸಿದ ಹಾಗೆ ನೋವನ್ನು ತಗ್ಗಿಸುತ್ತವೆ. ಕೆಟ್ಟ ನರವನ್ನು ರಿಪೇರಿ ಮಾಡುವುದಿಲ್ಲ. ಹಾಗಂತ ಅವನ್ನು ಹಗುರವಾಗಿ ನೋಡಬೇಡಿ. ರಾತ್ರಿ ನಿದ್ದೆ ಬರುವುದು ಸಣ್ಣ ವಿಷಯ ಅಲ್ಲ. ಉರಿ ಅರ್ಧಕ್ಕೆ ಇಳಿದರೆ ಈ ಮಾತ್ರೆಗಳ ಲೆಕ್ಕದಲ್ಲಿ ಅದು ಒಳ್ಳೆಯ ಫಲಿತಾಂಶವೇ. ಪೂರ್ತಿ ಮಾಯವಾಗಲಿ ಅಂತ ಡೋಸ್ ಏರಿಸುತ್ತಾ ಹೋದರೆ ತೂಕಡಿಕೆ, ತಲೆಸುತ್ತು, ಪಾದ ಊತ, ತೂಕ ಜಾಸ್ತಿಯಾಗುವುದು ಎಲ್ಲ ಶುರುವಾಗುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಇನ್ನೂ ಕಡಿಮೆ ಇರಬೇಕು. ಮತ್ತೆ, ಪ್ರಿಗ್ಯಾಬಲಿನ್ ಅನ್ನು ಒಂದೇ ಸಲ ನಿಲ್ಲಿಸಬಾರದು. ನಿಧಾನವಾಗಿ ಇಳಿಸಬೇಕು.

ಈಗ ನರದ ವಿಷಯ. ಶುಗರ್ ಇದ್ದವರಿಗೆ ಕಾಲು ಜೋಮು ಬಂದರೆ ಅದು ಶುಗರ್‌ನಿಂದಲೇ ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಜೊತೆಗೆ ಇನ್ನೊಂದು ಕಾರಣ ಸೇರಿರಬಹುದು. ನೀವು ಇಷ್ಟು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡಿದ್ದೀರಿ. ಅದು ನಿಧಾನವಾಗಿ ಬಿ12 ಇಳಿಸುತ್ತದೆ. ಗ್ಯಾಸಿಗೆ ಅಂತ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ವರ್ಷಗಟ್ಟಲೆ ನುಂಗುವವರಿಗೂ ಹೀಗೇ. ಮಾಂಸ, ಮೊಟ್ಟೆ ತಿನ್ನದವರಾದರೆ ಕೇಳುವುದೇ ಬೇಡ. ನಿಮಗೆ ಬಿ12 ಪರೀಕ್ಷೆ ಮಾಡಿಸಿದ್ದಾರಾ? ಥೈರಾಯ್ಡ್? ಕಿಡ್ನಿಯ ಕ್ರಿಯಾಟಿನಿನ್? ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಅದೂ ನರವನ್ನು ತಿನ್ನುತ್ತದೆ. ಟಿಬಿಗೆ ಐಸೋನಿಯಾಜಿಡ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ.

ಒಂದು ಸಣ್ಣ ವಿಷಯ. ಬಿ12 ಮಾತ್ರೆ ಶುರುಮಾಡಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ಮೇಲೇರಿ ಕೊರತೆಯೇ ಇಲ್ಲ ಅನ್ನಿಸಬಹುದು. ಆದ್ದರಿಂದ ಹಳೆಯ ರಿಪೋರ್ಟ್ ಇದ್ದರೆ ಹುಡುಕಿ ಇಟ್ಟುಕೊಳ್ಳಿ.

ನನಗೆ ಹೆದರಿಕೆ ಆಗಿದ್ದು ನಿಮ್ಮ ಉರಿ ಓದಿ ಅಲ್ಲ, ಚಪ್ಪಲಿ ಕಳಚಿದ್ದು ಓದಿ. ಉರಿಯುವ ಪಾದದವರು ಆಸ್ಪತ್ರೆಗೆ ಬೇಗ ಬರುತ್ತಾರೆ. ಏನೂ ಗೊತ್ತಾಗದ ಪಾದದವರು ಹುಣ್ಣು ಮೂಳೆ ಮುಟ್ಟಿದ ಮೇಲೆ ಬರುತ್ತಾರೆ. ಇವತ್ತಿನಿಂದಲೇ ರಾತ್ರಿ ಮಲಗುವ ಮುಂಚೆ ಎರಡೂ ಪಾದ ನೋಡಿಕೊಳ್ಳಿ. ಅಂಗಾಲು ಕಾಣಲು ಕನ್ನಡಿ ನೆಲದ ಮೇಲಿಡಿ. ಇಲ್ಲವೇ ಅತ್ತಿಗೆಯವರಿಗೆ ನೋಡಲು ಹೇಳಿ. ಬೆರಳ ಸಂದಿಯನ್ನೂ ಬಿಡಬೇಡಿ.

ಹುಬ್ಬಳ್ಳಿ ಮಾಸ್ತರ, ಹುಬ್ಬಳ್ಳಿ

ನರ್ಸಕ್ಕ ಹೇಳಿದ ಬಿ12 ಮಾತಿಗೆ ನಾನೇ ಸಾಕ್ಷಿ. ನನಗೆ ಶುಗರ್ ಇಲ್ಲರೀ. ಹುಟ್ಟಾ ಸಸ್ಯಾಹಾರಿ. ಹಾಲು, ಮೊಸರು ಕೂಡ ಕಡಿಮೆ. ಮೊದಲು ಕಾಲಬೆರಳು ಜುಮುಜುಮು ಅನ್ನುತ್ತಿತ್ತು. ಆಮೇಲೆ ಪಾದ, ಆಮೇಲೆ ಮೀನಖಂಡ. ಅದರ ನಂತರ ಕೈಬೆರಳು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸ್ ಎಷ್ಟು ಬಿಗಿ ಹಿಡಿದೆನೋ ತಿಳಿಯದೆ ಮುರಿಯುತ್ತಿತ್ತು. ಮುಂಜಾನೆ ಮುಖ ತೊಳೆಯಲು ಕಣ್ಣು ಮುಚ್ಚಿದರೆ ಸಾಕು, ಮೈ ತೂರಾಡುತ್ತಿತ್ತು. ಕತ್ತಲಲ್ಲಿ ಓಣಿಯಲ್ಲಿ ನಡೆಯುವುದು ಬಿಟ್ಟೇ ಬಿಟ್ಟಿದ್ದೆ.

ವಯಸ್ಸಾಯಿತು ಅಂದರು ಕೆಲವರು. ಸೊಂಟದ ನರ ಒತ್ತಿದೆ ಅಂತ ಎಕ್ಸ್‌ರೇ ತೆಗೆಸಿದರು. ಕೊನೆಗೆ ಒಬ್ಬ ನರರೋಗ ತಜ್ಞರು ನನ್ನನ್ನು ನಿಲ್ಲಿಸಿ, ಪಾದ ಜೋಡಿಸಿ, ಕಣ್ಣು ಮುಚ್ಚಲು ಹೇಳಿದರು. ನಾನು ವಾಲಿದೆ. ಶ್ರುತಿಕವೆಯನ್ನು ಬಡಿದು ಹೆಬ್ಬೆರಳ ಮೇಲೆ ಇಟ್ಟರು. ಅದು ನಡುಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಆ ಕ್ಷಣ ಮರೆಯಲು ಆಗಿಲ್ಲ. ಅದೇ ದಿನ ಬಿ12ಗೆ ಬರೆದುಕೊಟ್ಟರು. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಬಂದರೆ ಕೊರತೆ ಅನ್ನುತ್ತಾರೆ. ನನ್ನದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಇಂಜೆಕ್ಷನ್ ಶುರುವಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಈಗ ತಿಂಗಳ ಲೆಕ್ಕದಲ್ಲಿ. ಮೊದಲು ಸುಸ್ತು ಹೋಯಿತು. ನಂತರ ತೂರಾಟ. ಕೈ ಪೂರ್ತಿ ಸರಿಯಾಗಿದೆ. ಕಾಲಬೆರಳ ತುದಿಯ ಜೋಮು ಇನ್ನೂ ಉಳಿದಿದೆ. ಅದು ಉಳಿಯಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬಿ12 ಕೊರತೆ ಕಾಲಿನ ನರಕ್ಕಷ್ಟೇ ಅಲ್ಲ, ಬೆನ್ನುಹುರಿಗೂ ಪೆಟ್ಟು ಕೊಡುತ್ತದೆ. ಎಷ್ಟು ಬೇಗ ಹಿಡಿದರೆ ಅಷ್ಟು ಮರಳುತ್ತದೆ. ತಡವಾದಷ್ಟು ಉಳಿಕೆ ಜಾಸ್ತಿ.

ಇನ್ನೊಂದು ಮಾತು. ರಕ್ತ ಕಡಿಮೆ ಇದೆ ಅಂತ ಬರೀ ಫೋಲಿಕ್ ಆ್ಯಸಿಡ್ ಮಾತ್ರೆ ತಿನ್ನಬೇಡಿರಿ. ಬಿ12 ಕೊರತೆ ಇರುವವರಿಗೆ ಅದರಿಂದ ರಕ್ತ ಸುಧಾರಿಸಿದ ಹಾಗೆ ಕಾಣುತ್ತದೆ, ನರ ಮಾತ್ರ ಒಳಗೆ ಕೆಡುತ್ತಲೇ ಇರುತ್ತದೆ.

ತುಂಗಾತೀರ, ಶಿವಮೊಗ್ಗ

ಮೇಷ್ಟ್ರೇ, ಓದಿ ಧೈರ್ಯ ಬಂತು. ನನಗೆ ಬಿ12 ಪರೀಕ್ಷೆ ಮಾಡಿಸಿದ ನೆನಪಿಲ್ಲ. ಫೈಲ್ ಹುಡುಕುತ್ತೇನೆ. ಬೆರಳ ತುದಿ ಸರಿಯಾಗಲು ಇಷ್ಟು ಕಾಲ ಯಾಕೆ ಹಿಡಿಯುತ್ತದೆ?

ಹುಬ್ಬಳ್ಳಿ ಮಾಸ್ತರ, ಹುಬ್ಬಳ್ಳಿ

ನರ ಬೆಳೆಯುವ ವೇಗವೇ ಅಷ್ಟು. ಎಲ್ಲ ಸರಿಯಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ 3 ಸೆಂಟಿಮೀಟರ್ ಅಂದುಕೊಳ್ಳಿ. ಮೊಣಕಾಲಿನ ಹತ್ತಿರದಿಂದ ಬೆರಳ ತುದಿವರೆಗೆ ಬರಬೇಕಾದರೆ ವರ್ಷದ ಮೇಲೆ ಬೇಕು. ಕಾಲಿನ ನರಗಳು ಮೈಯಲ್ಲೇ ಉದ್ದದ ನರಗಳು. ಅದಕ್ಕೇ ಪೆಟ್ಟು ಮೊದಲು ಅಲ್ಲಿಗೇ, ಸುಧಾರಣೆ ಕೊನೆಗೆ ಅಲ್ಲಿಗೇ. ಹದಿನೈದು ದಿನದಲ್ಲಿ ನರ ಹೊಸದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮಲ್ನಾಡ್ ಹುಡುಗಿ, ತೀರ್ಥಹಳ್ಳಿ

ಆ ಉಚಿತ ಶಿಬಿರದ ಬಗ್ಗೆ ನಾನು ಹೇಳುತ್ತೇನೆ. ನಮ್ಮಮ್ಮ ಹೋಗಿದ್ದರು. ಯಂತ್ರದ ಮೇಲೆ ಪಾದ ಇಟ್ಟು ಕೂರಿಸುತ್ತಾರೆ. ಅದು ಗಡಗಡ ನಡುಗುತ್ತದೆ. ಎದ್ದಾಗ ಕಾಲು ಹಗುರ ಅನ್ನಿಸುವುದು ನಿಜ, ಅಮ್ಮನೂ ಹಾಗೇ ಹೇಳಿದರು. ಮನೆಗೆ ಬಂದು ಊಟ ಮುಗಿಸುವ ಹೊತ್ತಿಗೆ ಮೊದಲಿನಂತೇ ಆಯಿತು. ಕೆಲವು ದಿನ ಉಚಿತ, ಆಮೇಲೆ ಯಂತ್ರ ಕೊಳ್ಳಿ ಅನ್ನುತ್ತಾರೆ. ಬೆಲೆ ಸಾವಿರಗಟ್ಟಲೆ. ಕೊಳ್ಳುವುದು ಬಿಡುವುದು ಅವರವರ ಇಷ್ಟ. ನನಗೆ ಸಿಟ್ಟು ಬಂದಿದ್ದು ಬೇರೆ ಮಾತಿಗೆ. ಅಲ್ಲಿ ಮೈಕ್ ಹಿಡಿದವರು ಬಿಪಿ, ಶುಗರ್ ಮಾತ್ರೆ ಎಲ್ಲ ನಿಲ್ಲಿಸಬಹುದು ಅಂತ ಹೇಳುತ್ತಿದ್ದರು. ಮುಂದೆ ಕೂತವರೆಲ್ಲ ಅರವತ್ತು ದಾಟಿದವರು. ಯಾರಾದರೂ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಗತಿ ಏನು?

ಪಂಪಾಸರ, ಹೊಸಪೇಟೆ

ಎಲ್ಲರೂ ಇಂಗ್ಲಿಷ್ ಮದ್ದಿನ ಮಾತೇ ಆಡುತ್ತಿದ್ದೀರಿ. ನಮ್ಮ ಕಡೆ ಒಬ್ಬ ಪಂಡಿತರು ನರಕ್ಕೆ ಪುಡಿ ಕೊಡುತ್ತಾರೆ. ನಮ್ಮ ಮಾವನಿಗೆ ಒಳ್ಳೆಯದಾಗಿದೆ. ಒಂದು ಸಲ ನೋಡಬಹುದಲ್ವಾ?

ನರ್ಸಕ್ಕ, ಮಂಡ್ಯ

ನಿಮ್ಮ ಮಾವನವರಿಗೆ ಗುಣವಾಗಿದ್ದರೆ ಸಂತೋಷ. ಆದರೆ ಆ ಪುಡಿಯಲ್ಲಿ ಏನಿದೆ ಅಂತ ಬರೆದು ಕೊಡುತ್ತಾರಾ ಕೇಳಿ. ಕೊಡುವುದಿಲ್ಲ ಅಂದರೆ ಬೇಡ ಅಂತಲೇ ನನ್ನ ಸಲಹೆ. ಹೆಸರು ಗೊತ್ತಿಲ್ಲದ ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ, ಆರ್ಸೆನಿಕ್ ಸಿಕ್ಕಿರುವ ಉದಾಹರಣೆ ಬೇಕಾದಷ್ಟಿವೆ. ಸೀಸ ಮತ್ತು ಆರ್ಸೆನಿಕ್ ಎರಡೂ ನರವನ್ನೇ ಕೆಡಿಸುವ ವಿಷ. ನರ ಸುಧಾರಿಸಲು ಹೋಗಿ ಇನ್ನಷ್ಟು ಕಳೆದುಕೊಂಡವರನ್ನು ನೋಡಿದ್ದೇನೆ.

ಹರಳೆಣ್ಣೆ, ಕೊಬ್ಬರಿ ಎಣ್ಣೆ ಬೇರೆ ವಿಷಯ. ನರ ಕೆಟ್ಟ ಪಾದ ಬೆವರುವುದಿಲ್ಲ. ಒಣಗಿ ಹಿಮ್ಮಡಿ ಒಡೆಯುತ್ತದೆ. ಆ ಸೀಳಿನಿಂದಲೇ ಸೋಂಕು ಒಳಗೆ ಇಳಿಯುತ್ತದೆ. ಎಣ್ಣೆ ಹಚ್ಚಿದರೆ ಚರ್ಮ ಮೆತ್ತಗಿರುತ್ತದೆ, ಒಳ್ಳೆಯದೇ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ, ತೇವ ನಿಂತು ಫಂಗಸ್ ಬರುತ್ತದೆ. ಎಣ್ಣೆ ಹಚ್ಚಿ ಬಿಸಿ ಶಾಖ ಕೊಡುವುದಂತೂ ಬೇಡವೇ ಬೇಡ. ಬಿಸಿನೀರಿನ ಬಕೆಟ್ಟಿಗೆ ಕಾಲು ಇಳಿಸುವ ಮುಂಚೆ ಮೊಣಕೈ ಅದ್ದಿ ನೋಡಿ. ನಮ್ಮಲ್ಲಿಗೆ ಬರುವ ಸುಟ್ಟ ಗಾಯಗಳಲ್ಲಿ ಬಚ್ಚಲ ಹಂಡೆಯ ನೀರು, ಬೈಕಿನ ಸೈಲೆನ್ಸರ್, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಂಡಿದ್ದು, ಇವೇ ಜಾಸ್ತಿ.

ದೂರದ ಕನ್ನಡಿಗ, ನ್ಯೂಜೆರ್ಸಿ

ನನ್ನದು ಸ್ವಲ್ಪ ಬೇರೆ ಕಥೆ. ಪಾದ ಉರಿ ವಿಪರೀತ. ಎನ್‌ಸಿಎಸ್ ಅಂದರೆ ನರದಲ್ಲಿ ಕರೆಂಟ್ ಹರಿಯುವ ವೇಗ ನೋಡುವ ಪರೀಕ್ಷೆ ಮಾಡಿದರು. ಪೂರ್ತಿ ನಾರ್ಮಲ್. ಊರಿಗೆ ಬಂದಾಗ ತೋರಿಸಿದ ಡಾಕ್ಟರು ರಿಪೋರ್ಟ್ ನೋಡಿ, ಏನೂ ಇಲ್ಲ, ಟೆನ್ಷನ್ ಬಿಡಿ ಅಂದರು. ಮನಸ್ಸಿಗೆ ತುಂಬಾ ನೋವಾಯಿತು. ಆಮೇಲೆ ತಿಳಿದದ್ದು ಏನೆಂದರೆ, ಆ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ಅಳೆಯುತ್ತದೆ. ಉರಿ, ಬಿಸಿ, ತಂಪು ಹೊತ್ತು ತರುವ ಸಣ್ಣ ನರಗಳು ಅದರಲ್ಲಿ ಕಾಣುವುದೇ ಇಲ್ಲ. ನನಗೆ ಕಾಲಿನ ಚರ್ಮದ ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡಿದ ಮೇಲೆ ಸ್ಮಾಲ್ ಫೈಬರ್ ನ್ಯೂರೋಪತಿ ಅಂತ ಗೊತ್ತಾಯಿತು. ಎನ್‌ಸಿಎಸ್ ನಾರ್ಮಲ್ ಬಂದವರು ಕುಗ್ಗಬೇಡಿ. ನಿಮ್ಮ ಉರಿ ನಿಜ.

ಕಾರಣ ಹುಡುಕಿದರು, ಸಿಗಲಿಲ್ಲ. ನ್ಯೂರೋಪತಿಯವರಲ್ಲಿ ಅನೇಕರಿಗೆ ಹೀಗೇ, ಎಲ್ಲ ಪರೀಕ್ಷೆ ಮುಗಿದರೂ ಕಾರಣ ಸಿಗುವುದಿಲ್ಲ. ನನಗೆ ಒಗ್ಗಿದ್ದು ಡುಲೋಕ್ಸೆಟಿನ್. ಮೊದಲ ಕೆಲವು ದಿನ ಹೊಟ್ಟೆ ತೊಳಸುತ್ತಿತ್ತು, ಊಟದ ಜೊತೆ ತೆಗೆದುಕೊಂಡ ಮೇಲೆ ಸರಿಹೋಯಿತು. ಅದಕ್ಕೂ ಮುಂಚೆ ಅಮಿಟ್ರಿಪ್ಟಿಲಿನ್ 10 ಕೊಟ್ಟಿದ್ದರು. ನಿದ್ದೆ ಚೆನ್ನಾಗಿ ಬಂತು, ಬಾಯಿ ಮಾತ್ರ ಒಣಗುತ್ತಿತ್ತು. ಪ್ರಾಸ್ಟೇಟ್, ಗ್ಲಾಕೋಮಾ, ಹೃದಯದ ತೊಂದರೆ ಇರುವವರು ಅದನ್ನು ಡಾಕ್ಟರಿಗೆ ಹೇಳದೆ ಶುರುಮಾಡಬಾರದು. ಮೆಣಸಿನಕಾಯಿಯ ಖಾರದ ಅಂಶದಿಂದ ಮಾಡಿದ ಕ್ಯಾಪ್ಸೈಸಿನ್ ಕ್ರೀಮೂ ಹಚ್ಚಿದೆ. ಶುರುವಿನಲ್ಲಿ ಉರಿ ಇನ್ನೂ ಜಾಸ್ತಿ ಆಗುತ್ತದೆ. ತಾಳಿಕೊಂಡರೆ ಆಮೇಲೆ ತಗ್ಗುತ್ತದೆ. ಗಾಯದ ಮೇಲೆ ಹಚ್ಚಬಾರದು. ಹಚ್ಚಿದ ಕೈ ಸೋಪು ಹಾಕಿ ತೊಳೆಯದೆ ಕಣ್ಣು ಮುಟ್ಟಬಾರದು.

ಇಲ್ಲಿ ಸಪ್ಲಿಮೆಂಟ್ ಡಬ್ಬಗಳ ಹಾವಳಿ ಹೇಳತೀರದು. ಆಲ್ಫಾ ಲಿಪೋಯಿಕ್ ಆ್ಯಸಿಡ್ ಕೆಲವರಿಗೆ ಸ್ವಲ್ಪ ಆರಾಮ ಕೊಡುತ್ತದೆ, ಎಲ್ಲರಿಗೂ ಅಲ್ಲ. ಬಿ6 ವಿಷಯದಲ್ಲಿ ಮಾತ್ರ ಹುಷಾರು. ಬಿ6 ಕಡಿಮೆಯಾದರೂ ನರ ಕೆಡುತ್ತದೆ, ವಿಪರೀತವಾದರೂ ಕೆಡುತ್ತದೆ. ಮಲ್ಟಿ ವಿಟಮಿನ್, ನರದ ಮಾತ್ರೆ, ಎನರ್ಜಿ ಮಾತ್ರೆ ಅಂತ ಬೇರೆ ಬೇರೆ ತೆಗೆದುಕೊಂಡರೆ ಮೂರರಲ್ಲೂ ಬಿ6 ಇರಬಹುದು. ಡಬ್ಬದ ಹಿಂದೆ ಪಿರಿಡಾಕ್ಸಿನ್ ಅಂತ ಬರೆದಿರುತ್ತಾರೆ. ದಿನಕ್ಕೆ ಒಟ್ಟು ಎಷ್ಟಾಯಿತು ಅಂತ ಕೂಡಿ ನೋಡಿ, ಡಾಕ್ಟರಿಗೆ ತೋರಿಸಿ.

ಕೊಡಗಿನ ಅಕ್ಕ, ಮಡಿಕೇರಿ

ನಾನು ಕೀಮೋ ಆದವಳು. ಸ್ತನದ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಕೂದಲು ಉದುರುತ್ತದೆ, ವಾಂತಿ ಬರುತ್ತದೆ ಅಂತ ಎಲ್ಲರೂ ಹೇಳಿದ್ದರು. ಬೆರಳು ಸತ್ತುಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಬ್ಲೌಸಿನ ಹುಕ್ ಹಾಕಲು ಆಗುತ್ತಿರಲಿಲ್ಲ. ಬೆಳ್ಳುಳ್ಳಿ ಸಿಪ್ಪೆ ಸುಲಿಯಲು ಆಗುತ್ತಿರಲಿಲ್ಲ. ನನಗೆ ಹೂ ಕಟ್ಟುವುದು ಅಂದರೆ ಪ್ರಾಣ. ಮಲ್ಲಿಗೆಯ ತೊಟ್ಟು ಬೆರಳ ನಡುವೆ ಇದೆಯೋ ಇಲ್ಲವೋ ಕಣ್ಣಿಟ್ಟು ನೋಡಿಯೇ ತಿಳಿಯಬೇಕಿತ್ತು. ದಾರ ಎಳೆದರೆ ಹೂವೆಲ್ಲ ಮಡಿಲಿಗೆ ಬೀಳುತ್ತಿತ್ತು.

ಕೀಮೋ ನಡೆಯುತ್ತಿರುವವರಿಗೆ ನನ್ನ ಮಾತು ಒಂದೇ. ಜೋಮು ಶುರುವಾದ ದಿನವೇ ಡಾಕ್ಟರಿಗೆ ಹೇಳಿ. ಹೇಳಿದರೆ ಕೀಮೋ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯಕ್ಕೆ ತುಂಬಾ ಜನ ಮುಚ್ಚಿಡುತ್ತಾರೆ. ಅವರು ಡೋಸ್ ಇಳಿಸಬಹುದು, ಅಂತರ ಹೆಚ್ಚಿಸಬಹುದು, ಔಷಧಿ ಬದಲಿಸಬಹುದು. ದಾರಿಗಳಿವೆ. ನನಗೆ ಡೋಸ್ ಇಳಿಸಿದರು. ನೋವಿಗೆ ಡುಲೋಕ್ಸೆಟಿನ್ ಕೊಟ್ಟರು. ಕೀಮೋದಿಂದ ಬಂದ ನರದ ನೋವಿಗೆ ಪುರಾವೆ ಚೆನ್ನಾಗಿರುವ ಮಾತ್ರೆ ಅದೊಂದೇ ಅಂತ ನಮ್ಮ ಡಾಕ್ಟರು ಹೇಳಿದರು.

ನನ್ನ ಪಕ್ಕದ ಬೆಡ್ಡಿನವರಿಗೆ ಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲಾಟಿನ್. ಅವರಿಗೆ ಫ್ರಿಜ್ಜಿನ ಬಾಗಿಲು ತೆಗೆದರೆ ಕೈ ಚುಚ್ಚುತ್ತಿತ್ತು, ತಣ್ಣೀರು ಗಂಟಲಿಗೆ ಇಳಿಯುತ್ತಿರಲಿಲ್ಲ. ಆ ಔಷಧಿಯಲ್ಲಿ ಇನ್ನೊಂದು ವಿಚಿತ್ರ ಇದೆ. ಕೀಮೋ ಮುಗಿದ ಮೇಲೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಗಬಹುದು. ಕಾಯಿಲೆ ವಾಪಸ್ ಬಂತು ಅಂತ ಅವರು ಅತ್ತು ಕರೆದು ಮಾಡಿದರು. ಮುಂಚೆ ಒಂದು ಮಾತು ಹೇಳಿದ್ದರೆ ಅಷ್ಟು ಸಂಕಟ ಪಡುತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ನನ್ನ ಕೈ ಬಹಳ ಮಟ್ಟಿಗೆ ಸರಿಯಾಗಿದೆ. ಹೂ ಕಟ್ಟುತ್ತೇನೆ, ಮೊದಲಿನಷ್ಟು ವೇಗ ಇಲ್ಲ. ಕಾಲಬೆರಳು ಇನ್ನೂ ಮಂಕು.

ಫಿಸಿಯೋ, ಮೈಸೂರು

ಔಷಧಿ ಬಗ್ಗೆ ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ಬ್ಯಾಲೆನ್ಸ್ ಬಗ್ಗೆ ಸ್ವಲ್ಪ ಹೇಳುತ್ತೇನೆ. ನ್ಯೂರೋಪತಿಯವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ನಾನು ಆಗಾಗ ನೋಡುವ ವಿಷಯ. ನೆಲ ಎಲ್ಲಿದೆ ಅಂತ ಪಾದ ಹೇಳುವುದಿಲ್ಲ, ಕಣ್ಣು ಹೇಳಬೇಕು. ಕರೆಂಟ್ ಹೋದಾಗ, ರಾತ್ರಿ ಬಚ್ಚಲಿಗೆ ಎದ್ದಾಗ ಕಣ್ಣಿನ ಸಹಾಯವೂ ಇಲ್ಲ. ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ಲೈಟ್ ಉರಿಯುತ್ತಿರಲಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ರಾಡ್ ಹಾಕಿಸಿ.

ಅಡುಗೆಮನೆ ಕಟ್ಟೆ ಹಿಡಿದುಕೊಂಡು ಒಂದು ಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ಗೋಡೆ ಪಕ್ಕ ನಡೆಯುವುದು. ಇಷ್ಟು ದಿನಾ ಮಾಡಿದರೆ ಕೆಲವು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಪಾದದಲ್ಲಿ ಗಾಯ ಇದ್ದರೆ ನಡಿಗೆ ಬೇಡ. ಕೂತು ಮಾಡುವ ವ್ಯಾಯಾಮ ಕೇಳಿ ಕಲಿಯಿರಿ. ವ್ಯಾಯಾಮ ಶುಗರ್ ಇಳಿಸಲೂ ಸಹಾಯ ಮಾಡುತ್ತದೆ. ಒಬ್ಬರೇ ಮಾಡುವಾಗ ಫೋನು ಜೇಬಿನಲ್ಲಿರಲಿ.

ತುಂಗಾತೀರ, ಶಿವಮೊಗ್ಗ

ರಿಪೋರ್ಟ್ ಬಂತು. ಬಿ12 168. ಹಳೆಯ ಫೈಲಿನಲ್ಲಿ ಎಲ್ಲೂ ಈ ಪರೀಕ್ಷೆ ಇರಲಿಲ್ಲ. ಮಾತ್ರೆ ತಿನ್ನುತ್ತಾ ಇದ್ದರೂ ಇಷ್ಟು ಕಡಿಮೆ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಅಂಕಿ, 9.4. ಥೈರಾಯ್ಡ್, ಕಿಡ್ನಿ ಸರಿಯಿದೆ. ಪಾದಕ್ಕೆ ಬಯೋಥೀಸಿಯೋಮೀಟರ್ ಅನ್ನುವ ಯಂತ್ರ ಇಟ್ಟರು. ಬಲಗಾಲಿನಲ್ಲಿ 30 ವೋಲ್ಟ್ ದಾಟಿದ ಮೇಲೆ ನನಗೆ ನಡುಕ ಗೊತ್ತಾಯಿತು. ಮೀನು ಹಿಡಿಯುವ ದಾರದಂಥದ್ದನ್ನು ಅಂಗಾಲಿಗೆ ಒತ್ತಿದರು, ಬೆರಳಿನಲ್ಲಿ ತಿಳಿಯಲಿಲ್ಲ. ಬಿ12 ಇಂಜೆಕ್ಷನ್ ಶುರುಮಾಡಿದ್ದಾರೆ. ನಾಲ್ಕು ಹಾಕಿಸಿಕೊಂಡ ಮೇಲೆ ಮುಂದಿನದು ಹೇಳುತ್ತೇವೆ ಅಂದಿದ್ದಾರೆ.

ಇನ್ನು ಶುಗರ್. ಅನ್ನ ಪೂರ್ತಿ ಬಿಟ್ಟು, ಇನ್ಸುಲಿನ್ ಜಾಸ್ತಿ ಮಾಡಿಸಿಕೊಂಡು ಎರಡು ತಿಂಗಳಲ್ಲಿ 6ಕ್ಕೆ ಇಳಿಸಬೇಕು ಅಂತ ಹಟ ಬಂದಿದೆ. ಬೇಗ ಇಳಿದಷ್ಟೂ ನರಕ್ಕೆ ಒಳ್ಳೆಯದು ಅಲ್ವಾ?

ನರ್ಸಕ್ಕ, ಮಂಡ್ಯ

ಅಣ್ಣ, ಇಳಿಸಬೇಕು, ಆದರೆ ಹಾಗೆ ದಢಕ್ಕನೆ ಬೇಡ. ತುಂಬಾ ದಿನ ಮೇಲಿದ್ದ ಶುಗರ್ ಒಮ್ಮೆಲೇ ಇಳಿದರೆ ನರದ ಉರಿ ಭಯಂಕರವಾಗಿ ಏಳಬಹುದು. ಮೂರು ತಿಂಗಳಲ್ಲಿ ಎಚ್‌ಬಿಎ1ಸಿ 2 ಅಂಕಕ್ಕಿಂತ ಜಾಸ್ತಿ ಇಳಿದವರಲ್ಲಿ ಈ ಅಪಾಯ ಇದೆ. ಕಣ್ಣಿನ ಹಿಂಪರದೆಗೂ ತೊಂದರೆ ಆಗಬಹುದು. ಶುಗರ್ ಸರಿಯಾಗುತ್ತಿದೆ, ಕಾಲು ಮಾತ್ರ ಮೊದಲಿಗಿಂತ ಉರಿಯುತ್ತಿದೆ ಅಂತ ಜನ ಬೇಸತ್ತು ಮಾತ್ರೆಯನ್ನೇ ಬಿಡುತ್ತಾರೆ. ನಿಧಾನವಾಗಿ ಇಳಿಸಿ, ಇಳಿದದ್ದನ್ನು ಉಳಿಸಿಕೊಳ್ಳಿ. ನಿಮ್ಮ ಡಾಕ್ಟರ ಜೊತೆ ಕೂತು ಎಷ್ಟು ತಿಂಗಳಿಗೆ ಎಷ್ಟು ಅಂತ ಮಾತಾಡಿಕೊಳ್ಳಿ.

1993ರಲ್ಲಿ ಡಿಸಿಸಿಟಿ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಟೈಪ್ 1 ಇರುವವರಲ್ಲಿ ಶುಗರ್ ಬಿಗಿಯಾಗಿ ಇಟ್ಟುಕೊಂಡರೆ ನರದ ತೊಂದರೆ ಬರುವುದು ಸುಮಾರು 60 ಶೇಕಡ ಕಡಿಮೆಯಾಗಿತ್ತು. ನಿಮ್ಮ ಹಾಗೆ ಟೈಪ್ 2 ಇರುವವರಲ್ಲಿ ಲಾಭ ಅಷ್ಟು ದೊಡ್ಡದಲ್ಲ. ಆದರೂ ಇನ್ನಷ್ಟು ಕೆಡದಂತೆ ತಡೆಯಲು ಅದೇ ದಾರಿ. ಸತ್ಯ ಹೇಳಬೇಕು ಅಂದರೆ, ಶುಗರ್‌ನಿಂದ ಪೂರ್ತಿ ಹೋದ ನರ ಮೊದಲಿನಂತೆ ಆಗುವುದು ಕಷ್ಟ. ಬಿ12 ಕೊರತೆಯಿಂದ ಆದ ಭಾಗ ಮರಳುವ ಸಾಧ್ಯತೆ ಜಾಸ್ತಿ. ನಿಮ್ಮಲ್ಲಿ ಎರಡೂ ಇವೆ. ಎಷ್ಟು ಮರಳುತ್ತದೆ ಅಂತ ಆರು ತಿಂಗಳು, ವರ್ಷ ಕಳೆದ ಮೇಲೇ ಗೊತ್ತಾಗುವುದು.

ಬಯೋಥೀಸಿಯೋಮೀಟರಿನಲ್ಲಿ 25 ದಾಟಿದರೆ ಹುಣ್ಣಾಗುವ ಅಪಾಯ ಜಾಸ್ತಿ ಅಂತ ಲೆಕ್ಕ. ನಿಮ್ಮದು 30. ಇನ್ನು ಮೇಲೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ. ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ತೆಗೆದುಕೊಳ್ಳಿ, ಕಳಚಿ ಬೀಳುವುದಿಲ್ಲ. ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಿ ನೋಡಿ. ಕಲ್ಲು, ಮೊಳೆ, ಮಗುವಿನ ಆಟದ ಸಾಮಾನು ಎಲ್ಲ ಸಿಕ್ಕಿದ್ದಿದೆ. ಬಿಳಿ ಕಾಲುಚೀಲ ಹಾಕಿ, ರಕ್ತ ಬಂದರೆ ಕಣ್ಣಿಗೆ ಬೀಳುತ್ತದೆ. ಆಣಿಗೆ ಅಂಗಡಿಯ ಕಾರ್ನ್ ಕ್ಯಾಪ್ ಅಂಟಿಸಬೇಡಿ, ಅದರ ಆ್ಯಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಬ್ಲೇಡಿನಿಂದ ಕೆರೆಯುವುದೂ ಬೇಡ. ಒಂದು ಪಾದ ನೋವಿಲ್ಲದೆ ಕೆಂಪಾಗಿ, ಬಿಸಿಯಾಗಿ ಊದಿದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಒಳಗೆ ಮೂಳೆ ಕುಸಿಯುತ್ತಿರಬಹುದು.

ತುಂಗಾತೀರ, ಶಿವಮೊಗ್ಗ

ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ ಅಕ್ಕ. ಹಟ ಬಿಟ್ಟೆ, ನಿಧಾನವಾಗಿಯೇ ಇಳಿಸುತ್ತೇನೆ. ಒಂದು ಕೇಳುವುದಿದೆ. ಬೇಸಿಗೆಯಲ್ಲಿ ಮಗಳ ಹರಕೆ ತೀರಿಸಲು ಧರ್ಮಸ್ಥಳಕ್ಕೆ ಹೋಗಬೇಕು. ದೇವಸ್ಥಾನದಲ್ಲಿ ಚಪ್ಪಲಿ ಹಾಕುವ ಹಾಗಿಲ್ಲ. ಏನು ಮಾಡುವುದು?

ನರ್ಸಕ್ಕ, ಮಂಡ್ಯ

ಹೋಗಿ ಬನ್ನಿ, ಹರಕೆ ಬಿಡಬೇಡಿ. ಬೆಳಗಿನ ಜಾವ ಅಥವಾ ಸಂಜೆ ಹೋಗಿ. ಮಧ್ಯಾಹ್ನದ ಬಿಸಿಲಲ್ಲಿ ಕಲ್ಲು ಚಪ್ಪಡಿಯ ಮೇಲೆ ನಡೆದು ಎರಡೂ ಅಂಗಾಲು ಬೊಬ್ಬೆ ಬಂದವರು ಪ್ರತಿ ಬೇಸಿಗೆಯೂ ನಮ್ಮಲ್ಲಿಗೆ ಬರುತ್ತಾರೆ. ಸುಡುತ್ತಿದೆ ಅಂತ ಅವರಿಗೆ ಗೊತ್ತೇ ಆಗಿರುವುದಿಲ್ಲ. ದಪ್ಪ ಹತ್ತಿ ಕಾಲುಚೀಲ ಹಾಕಿಕೊಳ್ಳಿ. ಸಾಲಿನಲ್ಲಿ ಜೊತೆಗಿರುವವರು ನೆಲ ಮುಟ್ಟಿ ನೋಡಲಿ. ರೂಮಿಗೆ ಬಂದ ಕೂಡಲೇ ಪಾದ ತೊಳೆದು, ಒರೆಸಿ, ನೋಡಿಕೊಳ್ಳಿ. ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟು ಬೇಡ, ಅಲ್ಲಿನ ನೆಲವೂ ಕಾಯುತ್ತದೆ.

ಈ ಎಂಸಿಆರ್ ಚಪ್ಪಲಿಯ ಹಿಂದೆ ಒಂದು ಒಳ್ಳೆಯ ಇತಿಹಾಸ ಇದೆ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠ ಆದವರ ಕೈಕಾಲು ನೋಡಿ ಒಂದು ದೊಡ್ಡ ವಿಷಯ ಕಂಡುಕೊಂಡರು. ಬೆರಳು ಕಾಯಿಲೆಯಿಂದ ತಾನಾಗಿ ಕೊಳೆಯುವುದಿಲ್ಲ. ನೋವು ತಿಳಿಯದೆ ಆಗುವ ಪೆಟ್ಟು, ಸುಟ್ಟ ಗಾಯ, ಒತ್ತಡದಿಂದ ಹಾಳಾಗುತ್ತದೆ. ಕೆಲವರ ಬೆರಳನ್ನು ರಾತ್ರಿ ಇಲಿ ಕಚ್ಚಿದ್ದೂ ಇತ್ತು. ಮೆತ್ತನೆಯ ಚಪ್ಪಲಿ, ದಿನಾ ಪಾದ ನೋಡುವುದು, ಈ ಪಾಠವೆಲ್ಲ ಅಲ್ಲಿಂದಲೇ ಸಕ್ಕರೆ ಕಾಯಿಲೆಯವರಿಗೂ ಬಂದಿದ್ದು.

ಕರಾವಳಿ, ಕುಂದಾಪುರ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಇಲ್ಲಿ ಹೇಳಿದ್ದೆಲ್ಲ ತಿಂಗಳು, ವರ್ಷಗಳಲ್ಲಿ ಬರುವ ತೊಂದರೆ. ನಮ್ಮ ತಮ್ಮನಿಗೆ ಭೇದಿ ಆಗಿ ಕೆಲವು ದಿನಕ್ಕೆ ಕಾಲು ಜೋಮು ಬಂತು. ಮರುದಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಅದರ ಮರುದಿನ ಲೋಟ ಎತ್ತಲು ಆಗಲಿಲ್ಲ. ಅದು ಗೀಯಾನ್ ಬಾರೆ, ಅಂದರೆ ಜಿಬಿಎಸ್, ಮೈಯ ರೋಗನಿರೋಧಕ ಶಕ್ತಿಯೇ ನರದ ಮೇಲೆ ಎರಗುವ ಕಾಯಿಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಹರಡಿದ್ದು ಪೇಪರಿನಲ್ಲಿ ಓದಿರುತ್ತೀರಿ. ದಿನದಿಂದ ದಿನಕ್ಕೆ ಬಲ ಹೋಗುತ್ತಿದ್ದರೆ ಮನೆಯಲ್ಲಿ ಕಾಯಬೇಡಿ. ಉಸಿರಾಟಕ್ಕೆ ತಟ್ಟಿದರೆ ಜೀವಕ್ಕೇ ಅಪಾಯ. ತಮ್ಮನಿಗೆ ಐವಿಐಜಿ, ಅಂದರೆ ರಕ್ತನಾಳಕ್ಕೆ ಹಾಕುವ ಪ್ರತಿಕಾಯಗಳ ಔಷಧಿ ಕೊಟ್ಟರು, ವೆಂಟಿಲೇಟರಿನಲ್ಲೂ ಇದ್ದ. ಈಗ ಮತ್ತೆ ದೋಣಿಗೆ ಹೋಗುತ್ತಾನೆ. ನಿಧಾನವಾಗಿ ಬಲ ಕುಂದುತ್ತಾ ಹೋಗುವ ಸಿಐಡಿಪಿ ಅನ್ನುವ ಇನ್ನೊಂದು ಬಗೆಯೂ ಇದೆಯಂತೆ, ಅದಕ್ಕೂ ಚಿಕಿತ್ಸೆ ಇದೆ. ಜೋಮಿಗಿಂತ ಬಲ ಹೋಗುವುದೇ ಜಾಸ್ತಿ ಇದ್ದರೆ ನರರೋಗ ತಜ್ಞರನ್ನೇ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗೆ ಪ್ರತ್ಯೇಕ ಕ್ಲಿನಿಕ್ ಇದೆ.

ಭೀಮಾತೀರ, ಕಲಬುರಗಿ

ನರ್ಸಕ್ಕ, ನೀವು ಕುಷ್ಠ ಅಂದಿರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಅಕ್ಕನ ಮಗನಿಗೆ 22 ವರ್ಷ. ಶುಗರ್ ಇಲ್ಲ, ಏನೂ ಇಲ್ಲ. ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು. ಮೊಣಕೈ ಹತ್ತಿರ ಒಂದು ಬಿಳಚಿದ ಮಚ್ಚೆ ಇದೆ, ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ ಅನ್ನುತ್ತಾನೆ. ಮನೆಯಲ್ಲಿ ಬಿಸಿಲಿಗೆ ಬಂದ ಮಚ್ಚೆ ಅಂತ ಸುಮ್ಮನಿದ್ದಾರೆ.

ನರ್ಸಕ್ಕ, ಮಂಡ್ಯ

ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆ ಸಾಕು. ಚರ್ಮದ ಡಾಕ್ಟರು ಇದ್ದರೆ ಇನ್ನೂ ಒಳ್ಳೆಯದು. ಸ್ಪರ್ಶ ಇಲ್ಲದ ಬಿಳಚು ಮಚ್ಚೆ, ಜೊತೆಗೆ ಕಿರುಬೆರಳ ಜೋಮು ಅಂದರೆ ಮೊದಲು ನೋಡಬೇಕಾದ್ದು ಕುಷ್ಠವನ್ನೇ. ಮೊಣಕೈ ಹಿಂದೆ ಹಾದುಹೋಗುವ ನರ ದಪ್ಪಗಾಗಿದೆಯಾ ಅಂತ ಡಾಕ್ಟರು ಮುಟ್ಟಿ ನೋಡುತ್ತಾರೆ. ಅದೇ ಆಗಿದ್ದರೆ ಎಂಡಿಟಿ, ಅಂದರೆ ಕುಷ್ಠಕ್ಕೆ ಒಟ್ಟಿಗೆ ಕೊಡುವ ಹಲವು ಔಷಧಿಗಳ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಕಾಯಿಲೆ ಸ್ವಲ್ಪ ಇದ್ದರೆ 6 ತಿಂಗಳು, ಜಾಸ್ತಿ ಇದ್ದರೆ 12 ತಿಂಗಳು. ಮಾತ್ರೆ ಶುರುವಾದ ಮೇಲೆ ಬೇರೆಯವರಿಗೆ ಹರಡುವ ಭಯ ಇಲ್ಲ. ಮನೆಯಲ್ಲೇ ಎಲ್ಲರ ಜೊತೆ ಇರಬಹುದು, ಒಟ್ಟಿಗೆ ಊಟ ಮಾಡಬಹುದು. ಇದನ್ನು ನಿಮ್ಮ ಅಕ್ಕನಿಗೆ ನೀವೇ ಮೊದಲು ಹೇಳಿ. ನಾಚಿಕೆಗೆ ಮುಚ್ಚಿಟ್ಟರೆ ಬೆರಳು ಮಡಿಚಿಕೊಳ್ಳುತ್ತದೆ.

ಚಿಕಿತ್ಸೆ ನಡುವೆ ಒಮ್ಮೆಲೇ ಮೊಣಕೈ ನೋವು, ಮಚ್ಚೆ ಕೆಂಪಾಗಿ ಊದುವುದು, ಬೆರಳಿನ ಬಲ ತಗ್ಗುವುದು ಕಂಡರೆ ಎಂಡಿಟಿ ನಿಲ್ಲಿಸಬಾರದು. ಅದೇ ದಿನ ಡಾಕ್ಟರಿಗೆ ತೋರಿಸಿ. ಆಗ ಸ್ಟೀರಾಯ್ಡ್ ಕೊಡಬೇಕಾಗುತ್ತದೆ, ತಡಮಾಡಿದರೆ ನರ ಉಳಿಯುವುದಿಲ್ಲ. ಹೋಗುವಾಗ ಅವನು ಈಗ ತಿನ್ನುತ್ತಿರುವ ಮಾತ್ರೆ ಏನಾದರೂ ಇದ್ದರೆ ಚೀಟಿ ಸಮೇತ ತೆಗೆದುಕೊಂಡು ಹೋಗಿ. ಡಾಕ್ಟರು ಏನಂದರು ಅಂತ ಇಲ್ಲಿ ಬರೆಯಿರಿ, ನೋಡುತ್ತಿರುತ್ತೇನೆ.